ಹಿತ್ತಲಿನಲ್ಲಿ ಮೀನಿನ ತೊಟ್ಟಿ ಕಟ್ಟುವ ಬಗೆ



ಪಟ್ಟಣದ ಅಂಗಡಿಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಬಣ್ಣದ ಮೀನುಗಳು ಓಡಾಡುವುದನ್ನು ನೀವೆಲ್ಲ ನೋಡಿರುತ್ತೀರಿ. ಮಕ್ಕಳ ಹಟಕ್ಕೆ ಅಂಥದೊಂದನ್ನು ಮನೆಗೆ ತಂದವರೂ ಉಂಟು. ಆದರೆ ತಂದ ಮೀನು ತಿಂಗಳೊಳಗೆ ಸತ್ತು, ಗಾಜಿನ ಪೆಟ್ಟಿಗೆ ಅಟ್ಟ ಸೇರುವುದೇ ಹೆಚ್ಚು. ಇದು ಮೀನಿನ ದೋಷವಲ್ಲ. ನೀರು ಕಡಮೆಯಾದದ್ದರ ದೋಷ. ಇಪ್ಪತ್ತು ಲೀಟರ್ ನೀರು ಮಧ್ಯಾಹ್ನ ಬೇಗ ಕಾಯುತ್ತದೆ, ರಾತ್ರಿ ಬೇಗ ಆರುತ್ತದೆ, ಒಂದು ಚಿಟಿಕೆ ತಿಂಡಿ ಹೆಚ್ಚಾದರೆ ಕೆಡುತ್ತದೆ. ಮೂರು ಸಾವಿರ ಲೀಟರ್ ನೀರು ಹಾಗಲ್ಲ. ಅದು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ, ಸಣ್ಣಪುಟ್ಟ ತಪ್ಪುಗಳನ್ನು ತಡೆದುಕೊಳ್ಳುತ್ತದೆ. ಆದಕಾರಣ ಹೊಸಬರಿಗೆ ಚಿಕ್ಕ ಪೆಟ್ಟಿಗೆಗಿಂತ ಹಿತ್ತಲಿನ ದೊಡ್ಡ ತೊಟ್ಟಿಯೇ ಸುಲಭವೆಂದು ಧೈರ್ಯವಾಗಿ ಹೇಳಬಹುದು. ಅದಕ್ಕೆ ಬೇಕಾದ ಜಾಗ, ಕಲ್ಲು, ಗಾರೆ ಕೆಲಸದವರು, ಇವೆಲ್ಲ ಪಟ್ಟಣಕ್ಕಿಂತ ನಮ್ಮಲ್ಲೇ ಸುಲಭವಾಗಿ ದೊರೆಯುತ್ತವೆ.

ಗುದ್ದಲಿ ಹಿಡಿಯುವ ಮುನ್ನ ನೀರಿನ ಲೆಕ್ಕ ಹಾಕಿರಿ. ನಾವು ಇಲ್ಲಿ ಹೇಳಹೊರಟ ತೊಟ್ಟಿಯ ಒಳ ಅಳತೆ ೧೦ ಅಡಿ ಉದ್ದ, ೫ ಅಡಿ ಅಗಲ. ಗೋಡೆ ೩ ಅಡಿ ಎತ್ತರ. ಅದರಲ್ಲಿ ನೀರು ನಿಲ್ಲುವುದು ಎರಡೂವರೆ ಅಡಿ. ಹೀಗೆ ೧೨೫ ಘನ ಅಡಿಯಾಯಿತು. ಒಂದು ಘನ ಅಡಿಗೆ ೨೮ ಲೀಟರಿಗೆ ತುಸು ಮೇಲೆ ಹಿಡಿಯುವುದರಿಂದ ಒಟ್ಟು ಸುಮಾರು ೩,೫೦೦ ಲೀಟರ್ ನೀರು ಬೇಕು. ಒಮ್ಮೆ ತುಂಬಿದರೆ ಮುಗಿಯಲಿಲ್ಲ. ಬಯಲುಸೀಮೆಯ ಬೇಸಿಗೆಯಲ್ಲಿ ತೆರೆದ ನೀರು ದಿನಕ್ಕೆ ೬ರಿಂದ ೮ ಮಿಲಿಮೀಟರ್ ಆವಿಯಾಗಿ ಹೋಗುತ್ತದೆ. ಐವತ್ತು ಚದರ ಅಡಿಯ ಈ ತೊಟ್ಟಿಗೆ ಅದು ದಿನಕ್ಕೆ ಎರಡು ಮೂರು ಕೊಡದ ನಷ್ಟ. ಏಪ್ರಿಲ್ ತಿಂಗಳಲ್ಲಿ ಟ್ಯಾಂಕರ್ ಬರುವುದನ್ನೇ ಕಾದು ಕೂರುವ ಊರುಗಳಲ್ಲಿ ಇಷ್ಟು ದೊಡ್ಡ ತೊಟ್ಟಿ ಕಟ್ಟುವುದು ವಿವೇಕವಲ್ಲ. ಅಲ್ಲಿಯವರು ಇದರ ಮೂರನೆಯ ಒಂದು ಪಾಲಿನಲ್ಲಿ ತೃಪ್ತಿಪಡುವುದು ಲೇಸು. ಮಳೆಯ ನೀರನ್ನು ಹಿಡಿಯಬಲ್ಲವರಿಗೆ ಮಾತ್ರ ಕಷ್ಟವಿಲ್ಲ. ಸಾವಿರ ಚದರ ಅಡಿಯ ಸೂರಿನ ಮೇಲೆ ೪೦ ಮಿಲಿಮೀಟರ್ ಮಳೆ ಬಿದ್ದರೆ ಲೆಕ್ಕಕ್ಕೆ ೩,೭೦೦ ಲೀಟರ್ ನೀರು. ಸೋರಿಕೆ ಕಳೆದರೂ ತೊಟ್ಟಿ ಬಹುಮಟ್ಟಿಗೆ ತುಂಬುವುದು. ವರ್ಷದ ಮೊದಲ ಮಳೆಯನ್ನು ಬಿಟ್ಟುಬಿಡಿ. ಅದು ಸೂರಿನ ಧೂಳು, ಹಕ್ಕಿಯ ಹಿಕ್ಕೆಗಳನ್ನು ತೊಳೆದು ತರುತ್ತದೆ.

ಜಾಗದ ವಿಷಯ. ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಬಿದ್ದು, ಮಧ್ಯಾಹ್ನ ಮನೆಯ ನೆರಳು ಬರುವ ಕಡೆ ಉತ್ತಮ. ಹುಣಿಸೆ, ಬೇವು ಮುಂತಾದ ಮರಗಳ ಕೆಳಗೆ ಬೇಡ. ಉದುರಿದ ಎಲೆ ತಳದಲ್ಲಿ ಕೊಳೆತು ನೀರಿನ ಪ್ರಾಣವಾಯುವನ್ನು ತಿಂದುಹಾಕುತ್ತದೆ. ತುಂಬಿದ ತೊಟ್ಟಿಯ ನೀರಿನ ಭಾರವೇ ಮೂರೂವರೆ ಟನ್ ಆಗುವುದರಿಂದ ಹೊಸದಾಗಿ ಮಣ್ಣು ತುಂಬಿದ ನೆಲ ಕೂಡದು. ಎರೆಭೂಮಿಯವರು ಇನ್ನಷ್ಟು ಎಚ್ಚರ ವಹಿಸಬೇಕು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದು. ಅದರ ಮೇಲೆ ಕಟ್ಟಿದ ತೊಟ್ಟಿಯೂ ಅದರೊಡನೆ ಬಿರಿಯುವುದು. ಅಂಥಲ್ಲಿ ಎರಡು ಅಡಿ ಎರೆಯನ್ನು ತೆಗೆದು, ಗರಸನ್ನು ಪದರ ಪದರವಾಗಿ ಹಾಕಿ ನೀರು ಹೊಯ್ದು ದಿಮ್ಮಸು ಮಾಡಿಸಿದ ಮೇಲೆಯೇ ಮುಂದಿನ ಕೆಲಸ.

ನೆಲಕ್ಕೆ ೪ ಅಂಗುಲ ದಪ್ಪ ಜಲ್ಲಿಗಾರೆ ಹಾಕಿ, ಅದರ ಮೇಲೆ ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ ಬೆರೆಸಿದ ಕಾಂಕ್ರೀಟನ್ನು ಇನ್ನೊಂದು ೪ ಅಂಗುಲ ಹಾಕಿಸಿ. ಇದರೊಳಗೆ ೮ ಮಿಲಿಮೀಟರ್ ಕಬ್ಬಿಣದ ಸರಳುಗಳನ್ನು ಆರಾರು ಅಂಗುಲಕ್ಕೆ ಒಂದರಂತೆ ಅಡ್ಡಕ್ಕೂ ಉದ್ದಕ್ಕೂ ಕಟ್ಟಿರಬೇಕು. ಸರಳಿನ ತುದಿಗಳನ್ನು ನಾಲ್ಕು ಮೂಲೆಗಳಲ್ಲಿ ಮೇಲಕ್ಕೆ ಬಗ್ಗಿಸಿ ಗೋಡೆಯೊಳಗೆ ಸೇರಿಸಿದರೆ ಗೋಡೆಯೂ ನೆಲವೂ ಬೇರೆಯಾಗವು. ನೆಲ ಒಂದು ಕಡೆಗೆ ಇಳಿಜಾರಾಗಿರಲಿ. ಹತ್ತು ಅಡಿಗೆ ೩ ಅಂಗುಲ ಸಾಕು.

ಗೋಡೆಗೆ ೯ ಅಂಗುಲದ ಇಟ್ಟಿಗೆ ಕೆಲಸ, ಒಂದಕ್ಕೆ ನಾಲ್ಕು ಗಾರೆ. ಅರ್ಧ ಎತ್ತರದಲ್ಲಿ ಒಂದು ವರಸೆ ಸರಳಿನ ಪಟ್ಟಿ ಹಾಕಬೇಕು. ಮೂರು ಅಡಿ ಗೋಡೆಗೆ ಇಷ್ಟೆಲ್ಲ ಏಕೆಂದು ಮೇಸ್ತ್ರಿ ಕೇಳಬಹುದು. ನೀರು ಕೆಳಕ್ಕೆ ಮಾತ್ರವಲ್ಲದೆ ಪಕ್ಕಕ್ಕೂ ಒತ್ತುತ್ತದೆ, ಆಳ ಹೆಚ್ಚಿದಂತೆ ಒತ್ತಡವೂ ಹೆಚ್ಚುತ್ತದೆ. ಎರಡೂವರೆ ಅಡಿ ನೀರು ಹತ್ತು ಅಡಿ ಉದ್ದದ ಗೋಡೆಯನ್ನು ಹೊರಕ್ಕೆ ನೂಕುವ ಬಲ ಸುಮಾರು ೮೮೦ ಕಿಲೋಗ್ರಾಮಿನಷ್ಟು. ಅಂದರೆ ಅಕ್ಕಿಯ ೫೦ ಕಿಲೋ ಮೂಟೆಗಳು ಹದಿನೇಳೆಂಟು. ತೊಟ್ಟಿಯ ಅಗಲ ಐದು ಅಡಿಯಿದ್ದರೂ ಐವತ್ತು ಅಡಿಯಿದ್ದರೂ ಈ ಬಲ ಅಷ್ಟೇ. ಆದರೆ ಆಳವನ್ನು ಇಮ್ಮಡಿ ಮಾಡಿದರೆ ಬಲ ನಾಲ್ಮಡಿಯಾಗುತ್ತದೆ. ‘ಹೇಗೂ ಕಟ್ಟುತ್ತೇವೆ, ಇನ್ನೆರಡು ವರಸೆ ಏರಿಸೋಣ’ ಎಂಬ ಮಾತಿಗೆ ಒಪ್ಪದಿರಲು ಇದೇ ಕಾರಣ. ಐದು ಅಡಿ ನೀರು ನಿಲ್ಲಿಸುವ ಗೋಡೆ ಎಂಜಿನಿಯರಿಗೆ ಸೇರಿದ್ದು.

ಕೆಲವರಿಗೆ ಮೀನನ್ನು ಪಕ್ಕದಿಂದ ನೋಡುವ ಆಸೆ. ಅದಕ್ಕೆ ಗೋಡೆಯಲ್ಲಿ ಗಾಜಿನ ಕಿಟಕಿ ಇಡಬಹುದು. ಇದು ೨ ಅಡಿ ಅಗಲ, ಒಂದೂವರೆ ಅಡಿ ಎತ್ತರ ಮೀರಬಾರದು. ಗಾಜು ೧೨ ಮಿಲಿಮೀಟರ್ ದಪ್ಪವಿರಬೇಕು. ಒಳಮುಖವಾಗಿ ತೋಡು ಹೊಡೆದ ಕಲ್ಲಿನ ಚೌಕಟ್ಟನ್ನು ಗೋಡೆಯಲ್ಲಿ ಕೂರಿಸಿ, ಗಾಜನ್ನು ನೀರಿನ ಕಡೆಯಿಂದ ಆ ತೋಡಿಗೆ ಸಿಲಿಕೋನ್ ಅಂಟಿನಲ್ಲಿ ಕೂರಿಸಬೇಕು. ಆಗ ನೀರಿನ ಒತ್ತಡವೇ ಗಾಜನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತದೆ. ಹೊರಗಡೆಯಿಂದ ಅಂಟಿಸಿದ ಗಾಜನ್ನು ಅದೇ ಒತ್ತಡ ಒಂದು ದಿನ ಕಿತ್ತು ಎಸೆಯುತ್ತದೆ. ಬರಿಯ ಸಿಮೆಂಟಿಗೆ ಈ ಅಂಟು ನೆಚ್ಚುವಂತೆ ಹಿಡಿಯದು. ಕಿಟಕಿ ಉತ್ತರಕ್ಕಿದ್ದರೆ ಗಾಜಿಗೆ ಪಾಚಿ ಕಡಮೆ. ಇಷ್ಟೆಲ್ಲ ಹೇಳಿದರೂ, ಮೊದಲ ತೊಟ್ಟಿಗೆ ಕಿಟಕಿ ಬೇಡವೆಂದೇ ನಮ್ಮ ಅಭಿಪ್ರಾಯ. ಚೀನಾ ಜಪಾನುಗಳಲ್ಲಿ ಚಿನ್ನದ ಮೀನು, ಕೋಯಿ ಗೆಂಡೆಗಳನ್ನು ತಲೆಮಾರುಗಳಿಂದ ಆರಿಸಿ ಬೆಳೆಸಿದ್ದೇ ಮೇಲಿನಿಂದ ನೋಡುವುದಕ್ಕಾಗಿ.

ನೀರು ಹೊರಹೋಗುವ ಕೊಳವೆಯನ್ನು ಗಾರೆ ಮಾಡುವ ಮುಂಚೆಯೇ ಇಡಬೇಕು. ಇಳಿಜಾರಿನ ತುದಿಯಲ್ಲಿ, ನೆಲದ ಮಟ್ಟದಲ್ಲಿ, ೨ ಅಂಗುಲದ ಪಿವಿಸಿ ಕೊಳವೆಯನ್ನು ಗೋಡೆ ದಾಟಿಸಿ, ಹೊರಗೆ ಮೊಣಕೈ ಜೋಡಿಸಿ, ಅದಕ್ಕೆ ಎರಡೂವರೆ ಅಡಿಯ ನೇರ ಕೊಳವೆಯನ್ನು ನಿಲ್ಲಿಸಿರಿ. ಈ ನೇರ ಕೊಳವೆಗೆ ಅಂಟು ಹಾಕಬಾರದು. ನೀರು ಕೊಳವೆಯ ಬಾಯಿಗೆ ಬಂದಾಗ ತಾನಾಗಿ ಹೊರಚೆಲ್ಲುತ್ತದೆ, ಮಳೆ ಎಷ್ಟು ಬಿದ್ದರೂ ತೊಟ್ಟಿ ಉಕ್ಕದು. ಚೆಲ್ಲುವುದು ತಳದ ಕೊಳಕು ನೀರೇ ಆದ್ದರಿಂದ ಮಳೆಯೇ ತೊಟ್ಟಿಯನ್ನು ತೊಳೆದುಕೊಡುತ್ತದೆ. ಕೊಳವೆಯನ್ನು ಬಾಗಿಸಿದರೆ ತೊಟ್ಟಿ ಬರಿದು. ಒಳಬಾಯಿಗೆ ಜಾಲರಿ ಕಟ್ಟಿರಿ; ಹೊರಗಿನ ಕೊಳವೆಯನ್ನು ಗೋಡೆಗೆ ಕೊಕ್ಕೆ ಹಾಕಿ ಬಿಗಿಯಿರಿ. ಇಲ್ಲವಾದರೆ ಕರು ಉಜ್ಜಿಕೊಂಡರೂ ಸಾಕು, ರಾತ್ರಿಯೊಳಗೆ ಮೀನುಗಳು ನೆಲ ಕಾಣುತ್ತವೆ. ಹೊರಬರುವ ನೀರಿಗೆ ಒಂದು ಕಾಲುವೆ ಮಾಡಿ ಬಾಳೆ, ತೆಂಗು, ಸೊಪ್ಪಿನ ಮಡಿಗಳಿಗೆ ತಿರುಗಿಸಿ. ಮೀನಿನ ಹಿಕ್ಕೆ ಕರಗಿದ ಈ ನೀರಿನಲ್ಲಿ ಸಾರಜನಕ ಇರುವುದರಿಂದ ಗಿಡಗಳಿಗೆ ಅದು ತೆಳು ಗೊಬ್ಬರ.

ಒಳಗಾರೆ ಒಂದಕ್ಕೆ ಮೂರು, ಎರಡು ಕೈ. ನೀರು ತಡೆಯುವ ಪುಡಿಯನ್ನು ಬೆರೆಸಿ. ಗೋಡೆ ನೆಲ ಕೂಡುವ ಮೂಲೆಗಳನ್ನು ಗೋಲವಾಗಿ ತಿದ್ದಿಸಿ, ಸಿಮೆಂಟು ಹಾಲು ಬಳಿದು ನುಣುಪು ಮಾಡಿಸಿ, ಹದಿನಾಲ್ಕು ದಿನ ಒದ್ದೆ ಗೋಣಿ ಹೊದಿಸಿ ನೀರುಣಿಸಬೇಕು.

ಇಲ್ಲಿಗೆ ಕಟ್ಟಡ ಮುಗಿಯಿತು, ಆದರೆ ಮೀನು ಬಿಡುವ ಕಾಲ ಇನ್ನೂ ಬಂದಿಲ್ಲ. ಹೊಸ ಸಿಮೆಂಟಿನಿಂದ ಸುಣ್ಣದ ಕ್ಷಾರ ನೀರಿಗೆ ಇಳಿಯುತ್ತದೆ. ಆ ನೀರು ಮೀನಿನ ಕಿವಿರುಗಳನ್ನು ಸುಡುತ್ತದೆ. ಕಟ್ಟಿದ ವಾರವೇ ಮೀನು ಬಿಟ್ಟು ಎಲ್ಲವನ್ನೂ ಕಳೆದುಕೊಳ್ಳುವವರ ಸಂಖ್ಯೆ ದೊಡ್ಡದು. ತೊಟ್ಟಿ ತುಂಬಿಸಿ, ಬಾಳೆದಿಂಡಿನ ತುಂಡುಗಳನ್ನು ಹಾಕಿ, ಮೂರು ನಾಲ್ಕು ದಿನ ಬಿಡಿ. ದಿಂಡು ಹುಳಿತು ಹುಟ್ಟುವ ಆಮ್ಲ ಕ್ಷಾರವನ್ನು ತಗ್ಗಿಸುತ್ತದೆ. ಆಮೇಲೆ ಗೋಡೆಯನ್ನು ತೆಂಗಿನ ನಾರಿನ ಬ್ರಶ್ಶಿನಿಂದ ಉಜ್ಜಿ ನೀರನ್ನು ಹೊರಬಿಡಿ. ಹೀಗೆ ನಾಲ್ಕು ಸಲವಾದರೂ ಆಗಬೇಕು. ಕಡೆಗೆ ಪಿಎಚ್ ಕಾಗದದಿಂದ ಪರೀಕ್ಷಿಸಿ ನೋಡಿ. ಎಂಟೂವರೆಗಿಂತ ಕೆಳಗೆ ಬಂದು, ಎರಡು ದಿನ ಅಲ್ಲೇ ನಿಂತರೆ ಸರಿ. ನೀರಿನ ಕೊರತೆಯಿದ್ದವರು ಪ್ರತಿ ಸಲವೂ ಪೂರ್ತಿ ತುಂಬಬೇಕಾಗಿಲ್ಲ; ಅರ್ಧ ತುಂಬಿ ಮೇಲಿನ ಗೋಡೆಗೆ ಆಗಾಗ ಎರಚುತ್ತಿದ್ದರೂ ನಡೆಯುತ್ತದೆ.

ಮೂರು ನಾಲ್ಕು ದಿನವೆಂದು ಹೇಳಿದ್ದರಲ್ಲಿ ಇನ್ನೊಂದು ಅರ್ಥವೂ ಉಂಟು. ಮೀನಿಲ್ಲದೆ ನಿಂತ ನೀರು ಸೊಳ್ಳೆಯ ತವರು. ಡೆಂಗೆ ಜ್ವರ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಕಿಗಿಂತ ಮನೆಯ ಸುತ್ತಿನ ತಿಳಿನೀರನ್ನೇ ಬಯಸುತ್ತದೆ. ನಮ್ಮ ಸೆಕೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಅದರ ಮೊಟ್ಟೆ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಸಾಯದೆ, ನೀರು ತಾಗಿದಾಗ ಒಡೆಯುತ್ತದೆ. ಬ್ರಶ್ಶಿನಿಂದ ಉಜ್ಜಿರೆಂದು ಹೇಳಿದ್ದು ಇದಕ್ಕಾಗಿಯೂ. ೨೦೨೪ರಲ್ಲಿ ನಮ್ಮ ರಾಜ್ಯ ಸರ್ಕಾರವು ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಎಡೆಗೊಡುವವರಿಗೆ ದಂಡ ವಿಧಿಸುವ ನಿಯಮ ತಂದಿತು. ದಂಡದ ಮಾತು ಹಾಗಿರಲಿ, ನಮ್ಮ ಹಿತ್ತಲ ಸೊಳ್ಳೆ ಮೊದಲು ಕಚ್ಚುವುದು ನಮ್ಮ ಮಕ್ಕಳನ್ನೇ.

ಅದೇ ತೊಟ್ಟಿಯಲ್ಲಿ ಮೀನಿದ್ದರೆ ಕಥೆ ತಿರುಗುತ್ತದೆ. ಸೊಳ್ಳೆ ಬಂದು ಮೊಟ್ಟೆಯಿಡುತ್ತದೆ, ಮರಿಗಳನ್ನು ಮೀನು ನುಂಗುತ್ತದೆ. ೧೯೯೦ರ ದಶಕದಲ್ಲಿ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಬಾವಿ, ಹೊಂಡಗಳಿಗೆ ಸೊಳ್ಳೆಮರಿ ತಿನ್ನುವ ಮೀನುಗಳನ್ನು ಬಿಟ್ಟು ಮಲೇರಿಯಾವನ್ನು ತಗ್ಗಿಸಿದ್ದು ಹಿರಿಯರಿಗೆ ನೆನಪಿರಬಹುದು. ಆದ್ದರಿಂದ ಕ್ಷಾರ ಇಳಿದ ಕೂಡಲೆ ಮೊದಲು ಬಿಡಬೇಕಾದದ್ದು ಹತ್ತು ಹನ್ನೆರಡು ಗಪ್ಪಿ ಮೀನು.

ಮೊದಲು ಹತ್ತೇ ಎನ್ನುವುದಕ್ಕೆ ಕಾರಣವಿದೆ. ಮೀನಿನ ಮಲಮೂತ್ರದಿಂದ ಅಮೋನಿಯ ಹುಟ್ಟುತ್ತದೆ. ಅದು ಮೀನಿಗೆ ವಿಷ. ತೊಟ್ಟಿಯ ಗೋಡೆ, ಜಲ್ಲಿ, ಗಿಡಗಳ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳು ನೆಲೆಸಿ ಈ ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿಯೂ ನಂತರ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟನ್ನು ಮಾತ್ರ ಮೀನು ತಕ್ಕಮಟ್ಟಿಗೆ ಸಹಿಸುತ್ತದೆ, ಗಿಡ ಉಣ್ಣುತ್ತದೆ. ಹಾಲಿಗೆ ಹೆಪ್ಪು ಹಾಕಿ ಕಾಯುವಂತೆ ಈ ಸೂಕ್ಷ್ಮಾಣುಗಳು ತುಂಬಲು ನಾಲ್ಕರಿಂದ ಆರು ವಾರ ಕಾಯಲೇಬೇಕು. ಹಳೆಯ ತೊಟ್ಟಿಯಿರುವ ನೆರೆಯವರಿಂದ ಒಂದು ಬುಟ್ಟಿ ಪಾಚಿಗಟ್ಟಿದ ಜಲ್ಲಿ ತಂದು ಹಾಕಿದರೆ ಕಾಲ ಉಳಿಯುತ್ತದೆ.

ಈ ಬಿಡುವಿನಲ್ಲಿ ಗಿಡಗಳನ್ನು ಹೂಡಿರಿ. ಒಂದೆರಡು ಮಣ್ಣಿನ ಕುಂಡಗಳಲ್ಲಿ ನೈದಿಲೆ, ತಳಕ್ಕೆ ಹೈಡ್ರಿಲ್ಲ ಸಾಕು. ಎಲೆಗಳು ನೀರಿನ ಮೈಯ ಅರ್ಧದಷ್ಟನ್ನು ಮುಚ್ಚಿದರೆ ಬಿಸಿಲೂ ಪಾಚಿಯೂ ತಗ್ಗುತ್ತವೆ. ಅಂತರಗಂಗೆಯನ್ನು ತಂದವರು ವಾರಕ್ಕೊಮ್ಮೆ ಕಿತ್ತು ಗೊಬ್ಬರದ ಗುಂಡಿಗೆ ಹಾಕುತ್ತಿರಬೇಕು. ಕೆರೆಯ ಕಡೆ ಎಸೆಯಲಾಗದು.

ನೀರು ಎಲ್ಲಿಂದ ಬಂದರೂ ಒಂದೊಂದು ಕೊರತೆ ಇದ್ದೇ ಇರುತ್ತದೆ. ಕೊಳವೆಬಾವಿಯ ನೀರಿನಲ್ಲಿ ಪ್ರಾಣವಾಯು ಬಹಳ ಕಡಮೆ. ಅದನ್ನು ಎತ್ತರದಿಂದ ಚಿಮ್ಮಿಸಿ ಬೀಳಿಸಬೇಕು. ಪಂಚಾಯಿತಿಯ ನಲ್ಲಿ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿರುತ್ತಾರೆ. ನಮಗೆ ಒಳ್ಳೆಯದಾದ ಆ ಕ್ಲೋರಿನ್ ಮೀನಿಗೂ ಮೇಲೆ ಹೇಳಿದ ಸೂಕ್ಷ್ಮಾಣುಗಳಿಗೂ ಮೃತ್ಯು. ತೆರೆದ ಪೀಪಾಯಿಯಲ್ಲಿ ಎರಡು ದಿನ ಬಿಸಿಲಿಗಿಟ್ಟು ಆಮೇಲೆ ಹೊಯ್ಯಿರಿ. ಆ ಪೀಪಾಯಿ ನಾಲ್ಕು ದಿನ ಮರೆತುಹೋಗದಿರಲಿ. ವಾರಕ್ಕೊಮ್ಮೆ ಐದರಲ್ಲೊಂದು ಪಾಲು ನೀರನ್ನು ತೋಟಕ್ಕೆ ಬಿಟ್ಟು ಹೊಸದು ತುಂಬಿದರೆ ಒಳ್ಳೆಯದು. ಮೀನು ಕಡಮೆಯಿದ್ದರೆ ಹದಿನೈದು ದಿನಕ್ಕೊಮ್ಮೆ ಸಾಕು.

ಮೀನು ಎಷ್ಟಿರಬೇಕು? ನಮ್ಮ ಹಳ್ಳಿಗಳಲ್ಲಿ ವಿದ್ಯುತ್ತು ಹೇಳದೆ ಹೋಗುತ್ತದೆ. ಪಂಪು ನಿಂತರೂ ಬದುಕುವಷ್ಟೇ ಮೀನು ಇಡುವುದು ಜಾಣತನ. ಎರಡು ಮೂರು ಅಂಗುಲದ ಮೀನು ೫೦ ಲೀಟರಿಗೆ ಒಂದು, ಅಂದರೆ ಈ ತೊಟ್ಟಿಗೆ ಎಪ್ಪತ್ತು ಮೀರಬಾರದು. ಪಂಪು ಇಡುವವರು ತೂತು ಕೊರೆದ ಡ್ರಮ್ಮಿನಲ್ಲಿ ಜಲ್ಲಿ ತುಂಬಿ, ಅದರ ಮೂಲಕ ನೀರು ಹಾದು ತೊಟ್ಟಿಗೆ ಮರಳುವಂತೆ ಮಾಡಬಹುದು. ಡ್ರಮ್ಮಿನ ಬಾಯನ್ನು ಬಟ್ಟೆಯಿಂದ ಕಟ್ಟಿರಿ, ಅಲ್ಲಿ ಮೀನಿಲ್ಲ. ನೀರಿನಲ್ಲಿ ಮುಳುಗುವ ಪಂಪಿಗೆ ೩೦ ಮಿಲಿಆಂಪಿಯರ್ ಸೋರಿಕೆ ತಡೆಯುವ ಸ್ವಿಚ್ಚು ಇಲ್ಲದೆ ತಂತಿ ಎಳೆಯಲೇಬಾರದು. ಪಂಪು ಆರಿಸದೆ ತೊಟ್ಟಿಗೆ ಕೈ ಹಾಕಲೂಬಾರದು.

ಯಾವ ಮೀನು? ಚಿನ್ನದ ಮೀನು ಗಟ್ಟಿಜೀವಿ, ನೋಡಲು ಚೆಂದ. ಕೋಯಿ ಎರಡು ಅಡಿಯವರೆಗೆ ಬೆಳೆಯುವುದರಿಂದ ನಾಲ್ಕಕ್ಕಿಂತ ಹೆಚ್ಚು ಬೇಡ. ನಮ್ಮ ಹೊಳೆಗಳ ಮೀನುಗಳಲ್ಲಿಯೂ ಅಂದವಿದೆ. ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬಾಲದ ಬುಡದಲ್ಲಿ ಕಪ್ಪುಬೊಟ್ಟಿರುವ ಒಂದು ಗೆಂಡೆ ಜಾತಿಯುಂಟು. ಗಂಡಿನ ಬೆನ್ನುರೆಕ್ಕೆಯ ಎಳೆಗಳು ದಾರದಂತೆ ನೀಳವಾಗಿರುತ್ತವೆ. ಕೆಂಪು ಪಟ್ಟಿಯ ‘ಮಿಸ್ ಕೇರಳ’ ಎಂಬ ಮೀನು ಕೇರಳ, ದಕ್ಷಿಣ ಕರ್ನಾಟಕದ ಹೊಳೆಗಳದ್ದು. ಅಂಗಡಿಗಳಿಗಾಗಿ ಹಿಡಿದು ಹಿಡಿದು ಅಳಿವಿನ ಅಂಚಿಗೆ ಬಂದಿದೆ. ಅದನ್ನು ಹೊಳೆಯಿಂದ ಹಿಡಿದು ತಂದು ಮಾರುವವರಿಂದ ಕೊಳ್ಳಬೇಡಿ. ಅದಕ್ಕೆ ಹರಿಯುವ ತಂಪು ನೀರು ಬೇಕು, ಬಯಲುಸೀಮೆಯ ತೊಟ್ಟಿಯಲ್ಲಿ ಬಾಳದು.

ಊಟಕ್ಕೆ ಸಮಭಾಗ ಅಕ್ಕಿತೌಡು, ಕಡಲೆಕಾಯಿ ಹಿಂಡಿಯನ್ನು ಪುಡಿಮಾಡಿ, ದಿನಕ್ಕೊಮ್ಮೆ, ಮೂರು ನಿಮಿಷದಲ್ಲಿ ಮೀನುಗಳು ಮುಗಿಸುವಷ್ಟು ಮಾತ್ರ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಬೊಗಸೆ ಬೊಗಸೆ ಪುರಿ ಎರಚಿ ಬಂದವರು ಮನೆಯಲ್ಲೂ ಹಾಗೆಯೇ ಮಾಡಹೋಗುತ್ತಾರೆ. ಅಲ್ಲಿ ಉಳಿದದ್ದನ್ನು ಹೊಳೆ ಕೊಂಡೊಯ್ಯುತ್ತದೆ. ನಿಮ್ಮ ತೊಟ್ಟಿಯಲ್ಲಿ ಅದು ತಳದಲ್ಲಿ ಕೊಳೆಯುತ್ತದೆ.

ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಹಸಿವೆಯಲ್ಲ, ಉಸಿರಿನ ಕಷ್ಟ. ಹಗಲು ಗಿಡ ಪಾಚಿಗಳು ಪ್ರಾಣವಾಯುವನ್ನು ಕೊಡುತ್ತವೆ, ರಾತ್ರಿ ಅವೂ ಉಸಿರಾಡಿ ಅದನ್ನು ಖರ್ಚು ಮಾಡುತ್ತವೆ. ಹೀಗಾಗಿ ಸೂರ್ಯೋದಯಕ್ಕೆ ಮುಂಚೆ ನೀರು ಅತಿ ಬಡವಾಗಿರುತ್ತದೆ. ಬೇಸಿಗೆಯಲ್ಲಿ ಇದು ಹೆಚ್ಚು. ೨೦ ಡಿಗ್ರಿಯ ನೀರು ಲೀಟರಿಗೆ ೯ ಮಿಲಿಗ್ರಾಂ ಪ್ರಾಣವಾಯು ಹಿಡಿದರೆ ೩೦ ಡಿಗ್ರಿಯ ನೀರು ಏಳೂವರೆ ಹಿಡಿಯುತ್ತದೆ. ಕೂಡಲೆ ಕೊಡದಿಂದ ನೀರನ್ನು ಎತ್ತಿ ಎತ್ತಿ ಸುರಿಯಿರಿ, ಆ ದಿನ ತಿಂಡಿ ನಿಲ್ಲಿಸಿ, ಮಧ್ಯಾಹ್ನಕ್ಕೆ ನೆರಳು ಬಲೆ ಕಟ್ಟಿ. ಮೈಮೇಲೆ ಬಿಳಿ ಚುಕ್ಕೆ ಬಂದ ಮೀನನ್ನು ಬೇರೆ ಬಾನಿಯಲ್ಲಿಟ್ಟು, ಲೀಟರಿಗೆ ೩ ಗ್ರಾಂ ಕಲ್ಲುಪ್ಪು ಹಾಕಿ ಆರೈಕೆ ಮಾಡಿ. ಇಡೀ ತೊಟ್ಟಿಗೆ ಉಪ್ಪು ಸುರಿದರೆ ಗಿಡ ಸಾಯುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಎರಡೂವರೆ ಅಡಿ ನೀರು ದೊಡ್ಡವರ ತೊಡೆಗೆ ಬರುತ್ತದೆ, ಎರಡು ವರ್ಷದ ಮಗುವಿನ ತಲೆ ಮುಳುಗುತ್ತದೆ. ಮಗು ನೀರಿಗೆ ಬಿದ್ದರೆ ಸದ್ದಾಗುವುದೆಂದೂ ಕೂಗುವುದೆಂದೂ ನಂಬಬೇಡಿ. ಬಹುವಾಗಿ ಏನೂ ಕೇಳಿಸುವುದಿಲ್ಲ, ಎರಡು ಮೂರು ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ. ತೊಟ್ಟಿಯನ್ನು ನೆಲದೊಳಗೆ ಇಳಿಸದೆ ಮೂರು ಅಡಿ ಗೋಡೆ ಎಬ್ಬಿಸಲು ಹೇಳಿದ್ದು ಇದಕ್ಕಾಗಿಯೇ. ಗೋಡೆಯೊಂದೇ ಸಾಲದು. ಬಣ್ಣದ ಮೀನು ಮಗುವನ್ನು ಕರೆಯುತ್ತದೆ. ಮಗು ಬಕೆಟ್ಟು ಬೋರಲು ಹಾಕಿ ಹತ್ತುತ್ತದೆ. ಕೋನಕಬ್ಬಿಣದ ಚೌಕಟ್ಟಿಗೆ ಎರಡು ಅಂಗುಲ ಕಣ್ಣಿನ ದಪ್ಪ ಜಾಲರಿ ಬೆಸೆಸಿ, ಎರಡು ಬಾಗಿಲಾಗಿ ಮೇಲೆ ಮುಚ್ಚಿ, ಬೀಗ ಹಾಕಿರಿ. ದೊಡ್ಡವನೊಬ್ಬ ಮೇಲೆ ಕೂತರೂ ಅದು ಬಗ್ಗಬಾರದು. ತೊಟ್ಟಿಯ ಸುತ್ತ ಕಲ್ಲು, ಪೀಪಾಯಿ, ಹೂವಿನ ಕಟ್ಟೆ ಇಡಬೇಡಿ. ಹಣ ಸಾಲದಿದ್ದರೆ ಮೀನು ತರುವುದನ್ನು ಮುಂದಕ್ಕೆ ಹಾಕಿ, ಜಾಲರಿ ಹಾಕುವುದನ್ನಲ್ಲ. ಮಿಂಚುಳ್ಳಿ, ಬಕ, ಬೆಕ್ಕುಗಳ ಕಾಟವೂ ಅದರಿಂದಲೇ ತಪ್ಪುತ್ತದೆ.

ಹಳ್ಳಿಯ ತೊಟ್ಟಿಗೆ ಪಟ್ಟಣದಲ್ಲಿಲ್ಲದ ಒಂದು ಅಪಾಯವುಂಟು. ಹತ್ತಿ, ತೊಗರಿ, ತರಕಾರಿಗಳಿಗೆ ಹೊಡೆಯುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಮುಂತಾದ ಔಷಧಿಗಳು ಮೀನಿಗೆ ಅತಿ ಘೋರ. ಸಿಂಪಡಿಸುವ ಪಂಪನ್ನು ಹಿತ್ತಲಲ್ಲಿ ತೊಳೆದು ಅದೇ ಬಕೆಟ್ಟನ್ನು ತೊಟ್ಟಿಗೆ ಅದ್ದಿದರೆ ಒಂದು ರಾತ್ರಿಯಲ್ಲಿ ಎಲ್ಲ ಮೀನೂ ತೇಲುತ್ತವೆ. ಊರಿನಲ್ಲಿ ಸೊಳ್ಳೆ ಹೊಗೆ ಹಾಕುವ ದಿನ ತೊಟ್ಟಿಗೆ ತಾಡಪಾಲು ಮುಚ್ಚಿ, ಹೊಗೆ ಆರಿದ ಮೇಲೆ ತೆಗೆಯಿರಿ.

ಇದರಿಂದ ಆದಾಯ ಉಂಟೇ ಎಂದು ಕೇಳುವವರಿಗೆ: ಒಂದು ತೊಟ್ಟಿಯಿಂದ ಇಲ್ಲ. ೨೦೨೦ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರ ಮೀನು ಘಟಕಗಳಿಗೂ ಸಹಾಯಧನ ಸೇರಿತ್ತು. ಹಲವು ತೊಟ್ಟಿ ಕಟ್ಟುವ ಮನಸ್ಸಿದ್ದರೆ, ಸದ್ಯ ಯಾವ ನೆರವು ನಡೆಯುತ್ತಿದೆ ಎಂದು ತಾಲ್ಲೂಕಿನ ಮೀನುಗಾರಿಕೆ ಕಛೇರಿಯಲ್ಲಿ ವಿಚಾರಿಸಿಕೊಂಡು ಆಮೇಲೆ ಹಣ ಹೂಡಿರಿ.

ವರ್ಷ ಕಳೆಯುವುದರೊಳಗೆ ಗಪ್ಪಿಗಳು ಮರಿಹಾಕಿ ತೊಟ್ಟಿ ಕಿಕ್ಕಿರಿಯುತ್ತದೆ. ಹೆಚ್ಚಾದವನ್ನು ಕೆರೆಗೆ ಬಿಡುವುದು ಪುಣ್ಯವೆಂಬ ಭಾವನೆ ಕೆಲವರಲ್ಲಿದೆ. ೧೯೨೮ರಲ್ಲಿ ಸೊಳ್ಳೆಯ ಹತೋಟಿಗೆಂದು ನಮ್ಮ ದೇಶಕ್ಕೆ ತಂದ ಗ್ಯಾಂಬೂಸಿಯಾ ಮೀನು ಕೆರೆಕುಂಟೆಗಳಲ್ಲಿ ಹರಡಿ, ಊರ ಮೀನುಗಳ ಮೊಟ್ಟೆಮರಿಗಳನ್ನೇ ತಿನ್ನತೊಡಗಿತು. ಅಂಗಡಿಯಿಂದ ಬಂದ ಯಾವ ಮೀನೂ, ಗಾಜು ನೆಕ್ಕುವ ಸಕ್ಕರ್ ಮೀನು ಸಹ, ಕೆರೆಗೆ ಹೋಗಕೂಡದು. ನೆರೆಮನೆಯ ಸಿಮೆಂಟು ಬಾನಿಗೆ, ದನ ಕುಡಿಯುವ ಕಲ್ಲುತೊಟ್ಟಿಗೆ ನಾಲ್ಕು ನಾಲ್ಕು ಗಪ್ಪಿ ಹಂಚಿರಿ. ಬಾನಿ ತೊಳೆಯುವ ದಿನ ಅವನ್ನು ಚೆಂಬಿನಲ್ಲಿ ಹಿಡಿದಿಟ್ಟುಕೊಂಡು ಮತ್ತೆ ಬಿಡಲು ಮನೆಯ ಹೆಂಗಸರಿಗೂ ಮಕ್ಕಳಿಗೂ ತೋರಿಸಿಕೊಡಿ.